ಎರಡೂ ಮಂಡಿಗೆ ಪಟ್ಟಿ

ಕಾಲೇಜು ಹುಡುಗರಿಗೆಂದು ಮಾಡಿಸಿದ ಮಂಚದ ಮೇಲೆ ನೂರ ನಲವತ್ತು ಕಿಲೋ ತೂಗುವ ಮನುಷ್ಯ ಮಲಗಲಾರ. ಹಾಗಾಗಿ ಪ್ರತಿ ಜುಲೈಯಲ್ಲೂ ತಂಡದ ತರಬೇತಿ ಶಿಬಿರಕ್ಕೆ ಬಂದ ಮೊದಲ ದಿನವೇ ನಾವು ಹಾಸ್ಟೆಲಿನ ಹಾಸಿಗೆಗಳನ್ನು ನೆಲಕ್ಕೆ ಎಳೆದು ಹಾಕಿಕೊಳ್ಳುತ್ತೇವೆ. ಒಹಾಯೊದ ಈ ಪುಟ್ಟ ಕಾಲೇಜಿನಲ್ಲಿ ಹನ್ನೆರಡು ಜುಲೈ ನಾನು ಹಾಗೆ ಮಲಗಿದ್ದೇನೆ. ಮಲಗುವುದೇನೂ ಕಷ್ಟವಲ್ಲ. ಬೆಳಿಗ್ಗೆ ಐದೂವರೆಗೆ ಅಲ್ಲಿಂದ ಏಳುವುದಿದೆಯಲ್ಲ, ಅದಕ್ಕೆ ಈ ವರ್ಷ ನನಗೊಂದು ಕುರ್ಚಿ ಬೇಕಾಯಿತು. ಕುರ್ಚಿಯನ್ನು ಹಿಡಿದು, ಬಲಗಾಲಿನ ಮೇಲೆ ಭಾರ ಬಿಟ್ಟು, ದೇವರ ಹೆಸರನ್ನೂ ಬೈಗುಳವನ್ನೂ ಒಟ್ಟೊಟ್ಟಿಗೇ ಹೇಳಿಕೊಂಡು ಏಳುತ್ತಿದ್ದೆ.

ನಾನು ರಸ್ ಕ್ಲಿಮೆಕ್. ವಯಸ್ಸು ಮೂವತ್ತನಾಲ್ಕು. ತಂಡದ ಹುಡುಗರು ಕರೆಯುವುದು ತಾತ ಎಂದು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ನಾನು ಆಡುವ ಜಾಗ ಎಡ ಗಾರ್ಡ್. ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್‌ನ ಮುಂದೆ ಅಡ್ಡ ನಿಂತು, ಅವನ ಮೈಮೇಲೆ ಬೀಳಲು ಬರುವವರನ್ನು ಎದೆಕೊಟ್ಟು ತಡೆಯುವ ಐವರಲ್ಲಿ ನಾನೊಬ್ಬ. ನಮ್ಮ ಕೆಲಸ ನಾವು ಸರಿಯಾಗಿ ಮಾಡಿದರೆ ಟೀವಿಯವರು ನಮ್ಮ ಹೆಸರೆತ್ತುವುದಿಲ್ಲ. ಹನ್ನೊಂದು ವರ್ಷದಲ್ಲಿ ನನ್ನ ಹೆಸರು ಅಷ್ಟಾಗಿ ಬಂದಿಲ್ಲ.

ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಈ ಏಪ್ರಿಲ್‌ನ ಡ್ರಾಫ್ಟಿನಲ್ಲಿ ನಮ್ಮ ತಂಡದವರು ಎರಡನೇ ಸುತ್ತಿನಲ್ಲೇ ಇನ್ನೊಬ್ಬ ಎಡ ಗಾರ್ಡನ್ನು ಆರಿಸಿಕೊಂಡರು. ಮಿಸಿಸಿಪಿಯ ಕಾರ್ವಿನ್ ಬೀಸ್ಲಿ, ಇಪ್ಪತ್ತೆರಡು ವರ್ಷ. ಯಾಕೆ ಆರಿಸಿದರೆಂದು ಯಾರೂ ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ. ಹಾಗೆ ಕೇಳುವ ವಯಸ್ಸು ನನ್ನದಲ್ಲ.

ಆದರೆ ಬೀಸ್ಲಿ ಶಿಬಿರಕ್ಕೆ ಬರಲೇ ಇಲ್ಲ. ಕರಾರಿಗೆ ಸಹಿ ಹಾಕದೆ ಊರಲ್ಲೇ ಕೂತುಬಿಟ್ಟ. ಹೊಸಬರ ಸಂಬಳ ಈಗ ಮೊದಲೇ ಗೊತ್ತಾಗಿರುತ್ತದೆ. ಎಷ್ಟನೆಯವನಾಗಿ ಆಯ್ಕೆಯಾದೆಯೋ ಅದಕ್ಕೆ ತಕ್ಕಷ್ಟು. ಅಲ್ಲಿ ಚೌಕಾಸಿಯೇ ಇಲ್ಲ. ಜಗಳವೆಲ್ಲ ಕರಾರಿನ ಒಂದು ಸಾಲಿಗೆ. ಮೂರನೇ ವರ್ಷ ತಂಡ ಅವನನ್ನು ಕೈಬಿಟ್ಟರೂ ಆ ವರ್ಷದ ಸಂಬಳ ಕೊಡಬೇಕೋ ಬೇಡವೋ? ಕೊಡಲೇಬೇಕು ಎಂದ ಅವನ ಏಜೆಂಟ್ ಸಾಯರ್. ಕೊಡುವುದಿಲ್ಲ ಎಂದ ನಮ್ಮ ಮ್ಯಾನೇಜರ್ ಪ್ರಾಟ್. ಇಬ್ಬರೂ ಏಸಿ ಕೋಣೆಯಲ್ಲಿ ಕೂತು ಹಟ ಹಿಡಿದರು, ಬಿಸಿಲಿನಲ್ಲಿ ನನ್ನ ಮಂಡಿ ಸವೆಯಿತು.

ಹುಡುಗ ಬಾರದ್ದು ನನಗೆ ಅದೃಷ್ಟ ಎಂದು ಎಲ್ಲರೂ ಅಂದುಕೊಂಡರು. ಹೌದು, ಜಾಗ ನನ್ನದೇ ಉಳಿಯಿತು. ಆದರೆ ನನ್ನ ವಯಸ್ಸಿನವರಿಗೆ ಮೂರು ದಿನಕ್ಕೊಮ್ಮೆ ಬಿಡುವು ಕೊಡುವುದು ವಾಡಿಕೆ. ನಾನು ಬಿಡುವು ತೆಗೆದುಕೊಂಡರೆ ನನ್ನ ಜಾಗದಲ್ಲಿ ನಿಲ್ಲಬೇಕಾದವನು ಮಿಸಿಸಿಪಿಯಲ್ಲಿದ್ದ. ಒಂಬತ್ತು ದಿನ, ಒಂದೂ ಬಿಡುವಿಲ್ಲ. ಇನ್ನೊಂದು ಸಣ್ಣ ಮಾತು ಹೇಳಿಬಿಡುತ್ತೇನೆ. ಅಭ್ಯಾಸ ಮುಗಿದ ಮೇಲೆ ಹಿರಿಯನ ಹೆಲ್ಮೆಟ್ಟನ್ನೂ ಭುಜದ ಕವಚವನ್ನೂ ಅವನದೇ ಜಾಗದ ಹೊಸಬ ಹೊತ್ತು ತರಬೇಕು. ಎಲ್ಲರದನ್ನೂ ಹೊರುವವರಿದ್ದರು. ನನ್ನದನ್ನು ನಾನೇ ಹೊತ್ತೆ, ಮೈದಾನದಿಂದ ಗುಡ್ಡ ಹತ್ತಿ. ನೋಡಿದವರೆಲ್ಲ ನಕ್ಕರು.

ಎಡ ಮಂಡಿ ಮೇ ತಿಂಗಳಿನಿಂದಲೇ ಸರಿಯಿರಲಿಲ್ಲ. ಮೂಳೆಗೆ ಮೂಳೆ ಉಜ್ಜುತ್ತಿತ್ತು. ಒಂದೇ ಮಂಡಿಗೆ ಪಟ್ಟಿ ಸುತ್ತಿದರೆ ಯಾವುದು ಕೆಟ್ಟಿದೆ ಎಂದು ಕುರುಡನಿಗೂ ಗೊತ್ತಾಗುತ್ತದೆ. ಅದಕ್ಕೆ ಎರಡಕ್ಕೂ ಸುತ್ತುತ್ತಿದ್ದೆ. ಐಸ್ ಇಟ್ಟರೆ ಎರಡಕ್ಕೂ ಇಡುತ್ತಿದ್ದೆ. ಪಾಪ, ಬಲಮಂಡಿ ಯಾವ ತಪ್ಪೂ ಮಾಡದೆ ದಿನಾ ಮರಗಟ್ಟುತ್ತಿತ್ತು.

ದಿನಾ ಬೆಳಿಗ್ಗೆ ಚಿಕಿತ್ಸೆಯ ಕೋಣೆಯಲ್ಲಿ ಡೂಗನ್ ಒಂದು ಹಾಳೆ ಹಿಡಿದು ನಿಂತಿರುತ್ತಾನೆ. ಆಟಗಾರರ ಮೈಕೈ ನೋಡಿಕೊಳ್ಳುವವನು ಅವನೇ.

"ತಾತ, ಎಲ್ಲಿ ನೋವು?"

"ನಿನ್ನ ಮುಖ ನೋಡಿದ್ರೆ ಕಣ್ಣು ನೋಯತ್ತೆ. ಇನ್ನೆಲ್ಲೂ ಇಲ್ಲ."

"ಹಂಗಿದ್ರೆ ಸೈನ್ ಹಾಕು."

ನೋವಿಲ್ಲ ಎಂದು ಬರೆದ ಜಾಗದಲ್ಲಿ ದಿನಾ ಸಹಿ ಹಾಕುತ್ತಿದ್ದೆ.

ತಮಾಷೆಯೆಂದರೆ ತಂಡದಲ್ಲಿ ಆಟಗಾರರ ಸಂಘದ ಪ್ರತಿನಿಧಿ ನಾನೇ. ನಾಲ್ಕು ವರ್ಷದ ಹಿಂದೆ ನಾನು ಕಕ್ಕಸಿಗೆ ಹೋಗಿದ್ದಾಗ ಕೈಯೆತ್ತಿ ಆರಿಸಿಬಿಟ್ಟಿದ್ದರು. ಪ್ರತಿ ವರ್ಷ ಹೊಸಬರನ್ನು ಕೂರಿಸಿಕೊಂಡು ನಾನು ಹೇಳುವ ಮೊದಲ ಮಾತು, ಎಲ್ಲಿ ನೋವಾದರೂ ಡೂಗನ್‌ನ ಹಾಳೆಯಲ್ಲಿ ಬರೆಸಿ ಎಂದು. ಗಾಯಾಳುವನ್ನು ತಂಡ ಸುಮ್ಮನೆ ಮನೆಗೆ ಕಳಿಸುವ ಹಾಗಿಲ್ಲ, ವಾಸಿಯಾಗುವವರೆಗೆ ಸಂಬಳ ಕೊಡಬೇಕು. ಆದರೆ ಗಾಯ ಹಾಳೆಯಲ್ಲಿರಬೇಕು. ಬೇರೆಯವರಿಗೆ ಇದನ್ನೆಲ್ಲ ಚೆನ್ನಾಗಿ ಹೇಳುತ್ತಿದ್ದೆ. ಮೂವತ್ತನಾಲ್ಕರವನ ಹೆಸರಿನ ಮುಂದೆ ಮಂಡಿ ಎಂದು ಬರೆದರೆ ಮುಗಿಯಿತು, ಮುಂದಿನ ವರ್ಷ ಯಾರೂ ಕರೆಯುವುದಿಲ್ಲ ಎಂಬ ಭಯ ನನಗೆ.

ಒಂಬತ್ತನೇ ದಿನ ಮಧ್ಯಾಹ್ನ, ಊಟ ಮುಗಿಸಿ ಹೊರಗೆ ಬಂದಾಗ ಪ್ರಾಟ್ ತನ್ನ ಗಾಲ್ಫ್ ಗಾಡಿಯಲ್ಲಿ ಕಾಯುತ್ತಿದ್ದ.

"ಹತ್ತು ರಸ್. ಗುಡ್ಡದ ಮೇಲೆ ಬಿಡ್ತೀನಿ."

ಹತ್ತಿದೆ. ಮಂಡಿ ಇದ್ದ ಸ್ಥಿತಿಯಲ್ಲಿ ಸೈತಾನನೇ ಗಾಡಿ ತಂದು ನಿಲ್ಲಿಸಿದ್ದರೂ ಹತ್ತುತ್ತಿದ್ದೆ.

"ಆ ಹುಡುಗ ನಿನ್ನ ಮಾತು ಕೇಳ್ತಾನಂತೆ," ಎಂದ ಪ್ರಾಟ್.

"ಮೇ ತಿಂಗಳ ಅಭ್ಯಾಸದಲ್ಲಿ ನಾಲ್ಕು ದಿನ ಜೊತೆಗಿದ್ವಿ. ಸರ್ ಸರ್ ಅಂತ ಹಿಂದೆ ತಿರುಗ್ತಿದ್ದ. ಅಷ್ಟೇ."

"ಒಂದು ಫೋನ್ ಮಾಡು. ಶನಿವಾರದೊಳಗೆ ಬಂದು ಸೈನ್ ಹಾಕ್ಲಿ. ಆ ಮೂರನೇ ವರ್ಷದ ಸಾಲು ಮರೀಲಿ." ಗಾಡಿ ನಿಲ್ಲಿಸಿ ನನ್ನ ಕಡೆ ತಿರುಗಿದ. "ಅಡ್ಡ ನಿಲ್ಲೋ ಮುಂದಿನ ಸಾಲಿಗೆ ಎಂಟು ಜನ ಸಾಕು ಅಂತಿದ್ದೆ. ಒಂಬತ್ತು ಇಟ್ಕೋತೀನಿ. ಒಂಬತ್ತನೆಯವ್ನು ನೀನು."

ಆಟದ ಋತುವಿನ ಮೊದಲ ಭಾನುವಾರ ತಂಡದ ಪಟ್ಟಿಯಲ್ಲಿ ಹೆಸರಿದ್ದರೆ ಹಳಬನಿಗೆ ಇಡೀ ವರ್ಷದ ಸಂಬಳ ಗಟ್ಟಿ. ಅದೂ ಬೆಂಚಿನ ಮೇಲೆ ಕೂತು, ಹುಡುಗನಿಗೆ ನಾಲ್ಕು ಮಾತು ಹೇಳಿಕೊಟ್ಟು. ನನಗೆ ಬೇಕಾಗಿದ್ದುದು ಅಷ್ಟೇ, ಇನ್ನೊಂದು ವರ್ಷ. ಹಣಕ್ಕೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಎದ್ದು ಮೈದಾನಕ್ಕಲ್ಲದೆ ಇನ್ನೆಲ್ಲಿಗೆ ಹೋಗಬೇಕೆಂದು ನನಗೆ ಗೊತ್ತಿಲ್ಲ. ಹೆಂಡತಿ ಜೋನೆಲ್ ಪ್ರತಿ ಫೋನಿನಲ್ಲೂ "ಸಾಕು, ಬಂದ್ಬಿಡು" ಅನ್ನುತ್ತಾಳೆ. ಬಂದು ಏನು ಮಾಡಲಿ ಎಂದು ಕೇಳಲು ನನಗೇ ನಾಚಿಕೆ.

ಕೋಣೆಗೆ ಬಂದು ಹಾಸಿಗೆಯ ಮೇಲೆ ಕೂತು ಬೀಸ್ಲಿಗೆ ಫೋನ್ ಮಾಡಿದೆ. ಅವನು ಏದುಸಿರು ಬಿಡುತ್ತಿದ್ದ. ಶಾಲೆಯ ಮೈದಾನದಲ್ಲಿ ಮಾವನ ಟ್ರಕ್ಕನ್ನು ತಳ್ಳಿ ಅಭ್ಯಾಸ ಮಾಡುತ್ತಿದ್ದನಂತೆ.

"ಹೇಳಿ ಸರ್."

"ಇನ್ನೂ ಎಷ್ಟು ದಿನ ಆ ಟ್ರಕ್ ತಳ್ತೀಯಪ್ಪಾ?"

"ಅದೇ ಸರ್. ಊರಲ್ಲಿ ತಲೆ ಎತ್ತಕ್ಕಾಗ್ತಿಲ್ಲ. ಚರ್ಚಲ್ಲಿ ಮುದುಕೀರೆಲ್ಲ ದುರಾಸೆ ಬೇಡ ಮಗನೇ ಅಂತಾರೆ. ಸಾಯರ್ ಕೇಳಿದ್ರೆ ಕಾಯಿ ಅಂತಾನೆ. ನೀವೇ ಹೇಳಿ, ಬಂದ್ಬಿಡ್ಲಾ?"

"ಬಾ," ಎಂದೆ. "ತಡ ಆದಷ್ಟೂ ಆಟ ಕಲಿಯೋದು ಹಿಂದೆ ಬೀಳತ್ತೆ. ಒಂದು ಸಾಲಿಗೆ ಯಾಕೆ ತಲೆ ಕೆಡಿಸ್ಕೋತೀಯ. ಬಂದು ಸೈನ್ ಹಾಕು."

"ಆಯ್ತು ಸರ್."

ಅಷ್ಟೇ. ಒಂದು ಪ್ರಶ್ನೆಯಿಲ್ಲ, ಒಂದು ಅನುಮಾನವಿಲ್ಲ. ಬೆಳಿಗ್ಗೆಯ ವಿಮಾನ ಹಿಡಿಯುತ್ತೇನೆ ಎಂದ, ಥ್ಯಾಂಕ್ಸ್ ಎಂದ, ಅಮ್ಮನಿಗೆ ಸಮಾಧಾನವಾಗುತ್ತದೆ ಎಂದ. ಅವನು ಸ್ವಲ್ಪ ವಾದ ಮಾಡಿದ್ದರೆ ನಾನು ಗೆದ್ದೆ ಅಂದುಕೊಂಡು ಸುಮ್ಮನಿರುತ್ತಿದ್ದೆನೇನೋ.

ನಾನೂ ಇಪ್ಪತ್ತೆರಡರಲ್ಲಿ ಹೀಗೇ ಆಯ್ತು ಸರ್ ಎಂದವನು. ಅಂದಿನ ಕೋಚ್ ಬೆನ್ನು ತಟ್ಟಿ, ಒಳ್ಳೇ ಹುಡುಗ, ರಗಳೆ ಮಾಡಬೇಡ ಎಂದಿದ್ದ. ಕಾರಿನ ಬಾನೆಟ್ ಮೇಲೆ ಕಾಗದವಿಟ್ಟು ಸಹಿ ಹಾಕಿದ್ದೆ. ಮೂರನೇ ವರ್ಷದ ಸಾಲು ಅದರಲ್ಲಿರಲಿಲ್ಲ. ಮೂರನೇ ವರ್ಷಕ್ಕೆ ಮುಂಚೆ ಪಾದದ ಕೀಲು ಬಿಗಿದುಕೊಂಡಿತು, ಓಟ ನಿಧಾನವಾಯಿತು, ಫೆಬ್ರವರಿಯಲ್ಲಿ ಕೈಬಿಟ್ಟರು. ಇದೇ ತಂಡ ಮತ್ತೆ ಕರೆಯುವವರೆಗೆ, ಮುಂದಿನ ಹತ್ತು ತಿಂಗಳು, ಭಾವಮೈದುನನ ಜೊತೆ ಮನೆಗಳ ಮಾಡಿಗೆ ಡಾಂಬರು ಬಳಿದೆ. ಬಾಡಿಗೆ ಕಟ್ಟಲಾಗದೆ ಅತ್ತೆಯ ಮನೆಯ ನೆಲಮಾಳಿಗೆಯಲ್ಲಿದ್ದೆವು. ಆ ಸಾಲು ಏನೆಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಅದನ್ನೇ ನಾನು ಒಂದು ಸಾಲು ಅಷ್ಟೇ ಎಂದಿದ್ದೆ.

ನನ್ನ ಮೇಲೆ ನನಗೇ ಅಸಹ್ಯವಾಯಿತು. ಹತ್ತು ನಿಮಿಷ ಗೋಡೆ ನೋಡುತ್ತಾ ಕೂತಿದ್ದು ಮತ್ತೆ ಫೋನ್ ಮಾಡಿದೆ.

"ಸಾಯರ್‌ಗೆ ಹೇಳಿಬಿಟ್ಟೆಯಾ?"

"ಇನ್ನೂ ಇಲ್ಲ ಸರ್. ಸ್ನಾನ ಮಾಡ್ತಿದ್ದೆ."

"ಹೇಳ್ಬೇಡ. ಬರಬೇಡ."

"ಸರ್, ಈಗ ತಾನೇ ಬಾ ಅಂದ್ರಿ. ಇದರಲ್ಲಿ ಯಾವ್ದು ನಿಜ?"

"ಇದು ನಿಜ. ಆಗ ಹೇಳಿದ್ದು ನನಗೋಸ್ಕರ. ನಿನ್ನನ್ನ ಕರೆಸಿದ್ರೆ ನನ್ನನ್ನ ಇಟ್ಕೋತೀನಿ ಅಂತ ಪ್ರಾಟ್ ಹೇಳಿದ್ದ."

"ಅವ್ರು ಎಷ್ಟು ದಿನ ಅಂತ ಕಾಯ್ತಾರೆ ಸರ್? ನೀವಿದ್ದೀರಲ್ಲ, ನನ್ನ ಅಗತ್ಯ ಏನಿದೆ ಅವ್ರಿಗೆ?"

ಹುಡುಗ ದಡ್ಡನಲ್ಲ. ಪ್ರಶ್ನೆ ನೇರವಾಗಿ ಬಂದು ನನ್ನ ಮಂಡಿಗೇ ತಾಗಿತು. ಇದಕ್ಕೆ ಉತ್ತರ ಕೊಡದಿದ್ದರೆ ಉಳಿದದ್ದೆಲ್ಲ ಬರೀ ಬಾಯಿಮಾತು.

"ನಾನಿಲ್ಲ," ಎಂದೆ. "ಎಡ ಮಂಡಿ ಹೋಗಿದೆ. ಇನ್ನೊಂದು ವಾರ ಎಳೆದ್ರೆ ಹೆಚ್ಚು. ನನ್ನ ಹಿಂದೆ ಯಾರೂ ಇಲ್ಲ. ಅವ್ರಿಗೆ ಅದು ಗೊತ್ತಿಲ್ಲ, ಗೊತ್ತಾದ್ರೆ ನಿನ್ನ ಸಾಲು ಬರ್ಕೊಡ್ತಾರೆ."

"ಇದನ್ನ ಸಾಯರ್‌ಗೆ ಹೇಳ್ಲಾ ಸರ್?"

ಕಿಟಕಿಯ ಹೊರಗೆ ನೀರು ಚಿಮ್ಮಿಸುವ ಯಂತ್ರ ಮೈದಾನದ ಮೇಲೆ ಸುತ್ತುತ್ತಿತ್ತು. ಬೇಡ ಎಂದಿದ್ದರೆ ಹುಡುಗ ಖಂಡಿತ ಹೇಳುತ್ತಿರಲಿಲ್ಲ.

"ಹೇಳು," ಎಂದೆ. "ಇಲ್ದಿದ್ರೆ ನಿಂಗೆ ಹೇಳಿ ಏನ್ ಬಂತು?"

ಏಜೆಂಟನ ಕಿವಿಗೆ ಬಿದ್ದದ್ದು ಅದೇ ದಿನ ಮ್ಯಾನೇಜರನ ಕಿವಿಗೂ ಬೀಳುತ್ತದೆ. ಸಾಯರ್‌ನ ಮೇಲೆ ನನಗೆ ಸಿಟ್ಟಿಲ್ಲ, ಅದಕ್ಕೇ ಅವನಿಗೆ ದುಡ್ಡು ಕೊಡುವುದು. ಮರುದಿನ ಸಂಜೆಯ ಹೊತ್ತಿಗೆ ಸುದ್ದಿ ಬಂತು. ಬೀಸ್ಲಿ ಒಪ್ಪಿದ್ದಾನೆ, ಮೂರನೇ ವರ್ಷ ಪೂರ್ತಿ ಗಟ್ಟಿ.

ಅದರ ಮರುದಿನ ಬೆಳಿಗ್ಗೆ ನನ್ನ ಬಾಗಿಲು ತಟ್ಟಿದರು. ಆಫೀಸಿನವನು ನನ್ನ ಮುಖ ನೋಡದೆ, "ಪ್ರಾಟ್ ಕರೀತಿದ್ದಾರೆ. ಪುಸ್ತಕ ತಗೊಂಡ್ ಬರ್ಬೇಕಂತೆ," ಎಂದ. ಆಟದ ಪಾಠಗಳಿದ್ದ ಪುಸ್ತಕ ಹೋಗಿ ಟ್ಯಾಬ್ಲೆಟ್ ಬಂದು ಎಷ್ಟೋ ವರ್ಷವಾಯಿತು. ಮನೆಗೆ ಕಳಿಸುವಾಗ ಮಾತ್ರ ಈಗಲೂ ಪುಸ್ತಕ ಎಂದೇ ಹೇಳುತ್ತಾರೆ. ಹನ್ನೊಂದು ವರ್ಷ ಆ ಮಾತು ಪಕ್ಕದ ಬಾಗಿಲುಗಳಲ್ಲಿ ಕೇಳಿದ್ದೆ.

ಪ್ರಾಟ್ ಕೂಗಾಡಲಿಲ್ಲ. ಅವನ ಕಣ್ಣ ಕೆಳಗೂ ಕಪ್ಪಾಗಿತ್ತು.

"ನಿನ್ನ ಮಂಡಿ ವಿಷ್ಯ ಸಾಯರ್ ಹೇಳಿ ನಂಗೆ ಗೊತ್ತಾಗ್ಬೇಕಾಯ್ತಾ ರಸ್?"

"ಅವ್ನಿಗೆ ಮುಟ್ಟಿಸಿದ್ದು ನಾನೇ."

"ಗಾಯ ಅಂತ ಸಂಘಕ್ಕೆ ದೂರು ಕೊಡ್ತೀಯಾ?"

ಉತ್ತರ ಅವನ ಮೇಜಿನ ಮೇಲೇ ಇತ್ತು. ಡೂಗನ್‌ನ ಹಾಳೆಗಳು. ಪ್ರತಿ ಹಾಳೆಯಲ್ಲೂ ನೋವಿಲ್ಲ, ಅದರ ಕೆಳಗೆ ನನ್ನ ದುಂಡನೆಯ ಸಹಿ. ಕಾಗದದ ಪ್ರಕಾರ ನಾನು ಕಲ್ಲುಗುಂಡಿನ ಹಾಗಿದ್ದೆ. ಕಲ್ಲುಗುಂಡನ್ನು ಯಾವಾಗ ಬೇಕಾದರೂ ಮನೆಗೆ ಕಳಿಸಬಹುದು. ಯಾರೂ ನನಗೆ ಮೋಸ ಮಾಡಿರಲಿಲ್ಲ. ಎರಡೂ ಮಂಡಿಗೆ ಅಷ್ಟು ಚೆನ್ನಾಗಿ ಪಟ್ಟಿ ಸುತ್ತಿದವನು ನಾನೇ.

ಟ್ಯಾಬ್ಲೆಟ್ಟನ್ನು ಮೇಜಿನ ಮೇಲಿಟ್ಟು ಬಂದೆ.

ಎರಡು ಚೀಲ ಹೊತ್ತು ಕಾರು ನಿಲ್ಲಿಸುವ ಕಡೆ ಹೋಗುತ್ತಿದ್ದಾಗ ವಿಮಾನ ನಿಲ್ದಾಣದಿಂದ ತಂಡದ ವ್ಯಾನ್ ಬಂತು. ಬೀಸ್ಲಿ ಇಳಿದ. ಸೊಂಟ ಬಾಗಿಲಿನಷ್ಟು ಅಗಲ, ಮಂಡಿ ಎರಡೂ ಹೊಚ್ಚ ಹೊಸವು. ಅವನು ಮೆಟ್ಟಿಲನ್ನು ಬಿಟ್ಟು ನೇರ ನೆಲಕ್ಕೆ ಜಿಗಿದ. ನೋಡಿ ಹೊಟ್ಟೆ ಉರಿಯಿತು. ಒಳ್ಳೆಯದು ಮಾಡಿದ ಮೇಲೆ ಹೊಟ್ಟೆಕಿಚ್ಚು ಇರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನನ್ನ ಕೈಯಲ್ಲಿನ ಚೀಲ ನೋಡಿ ಅವನಿಗೆ ಎಲ್ಲ ತಿಳಿಯಿತು. ಆಮೇಲೆ ಹತ್ತಿರ ಬಂದು ಎರಡೂ ಚೀಲಗಳನ್ನು ನನ್ನ ಕೈಯಿಂದ ತೆಗೆದುಕೊಂಡ.

"ಬಿಡಪ್ಪಾ. ನಾನೀಗ ನಿನ್ನ ತಂಡದವನಲ್ಲ."

"ನಿಮ್ದನ್ನ ಹೊರೋದು ನನ್ನ ಕೆಲ್ಸ ಅಂತ ಮೇ ತಿಂಗಳಲ್ಲಿ ಹೇಳಿದ್ರಲ್ಲ ಸರ್. ಒಂದಿನನೂ ಹೊತ್ತಿಲ್ಲ ನಾನು."

ಕಾರಿನವರೆಗೂ ಹೊತ್ತ. ಹಿಂದಿನ ಸೀಟಿನಲ್ಲಿ ಮೆಲ್ಲಗೆ ಇಟ್ಟ. ಬೇಡವೆನ್ನುವ ಶಕ್ತಿ ನನಗಿರಲಿಲ್ಲ.

"ನೋಡು," ಎಂದೆ. "ದಿನಾ ಬೆಳಿಗ್ಗೆ ಡೂಗನ್ ಅಂತ ಒಬ್ಬ ಎಲ್ಲಿ ನೋವು ಅಂತ ಕೇಳ್ತಾನೆ. ಕಿರುಬೆರಳು ನೋಯ್ತಿದ್ರೂ ಹೇಳು. ಅವ್ನು ಬರೆಯೋದನ್ನ ನಿಂತು ನೋಡು. ಗಂಡಸುತನ ತೋರಿಸೋಕೆ ಹೋಗ್ಬೇಡ."

"ಆಯ್ತು ಸರ್," ಎಂದ. ಆದರೆ ಅಲ್ಲಿಂದ ಕದಲಲಿಲ್ಲ. ಅವನ ಕಣ್ಣು ನನ್ನ ಕಾಲಿನ ಮೇಲಿತ್ತು. ಅಭ್ಯಾಸವಿಲ್ಲದ ದಿನವೂ, ರೂಢಿಯಿಂದ, ಎರಡೂ ಮಂಡಿಗೆ ಪಟ್ಟಿ ಸುತ್ತಿಕೊಂಡು ಬಂದಿದ್ದೆ.

"ನಿಮಗೆ ಎಲ್ಲಿ ನೋಯ್ತಿದೆ ಸರ್?"

ಎಲ್ಲೂ ಇಲ್ಲ ಎಂದು ನಾಲಿಗೆ ತಾನಾಗಿಯೇ ಹೊರಟಿತ್ತು. ಅದನ್ನು ತಡೆದೆ. ಕಾರಿನ ಬಾಗಿಲು ಹಿಡಿದು ಸೀಟಿನಂಚಿಗೆ ಕೂತು, ಬಲಮಂಡಿಯ ಪಟ್ಟಿಯನ್ನು ಬಿಚ್ಚಿ ಅವನ ಕೈಗೆ ಕೊಟ್ಟೆ.

"ಎಡಗಡೆ," ಎಂದೆ.