ಕೆತ್ತಿ ತೆಗೆದ ಜಾಗ

ನನ್ನ ಗಂಡ ಇದ್ದಿಬಾಲ್ ಸತ್ತದ್ದು ತನ್ನ ಪಡೆ ಗೆದ್ದ ಯುದ್ಧದಲ್ಲಿ. ಕಾರ್ಥೇಜಿನವರು ಮುದುಕ ಅಧಿಕಾರಿಯೊಬ್ಬನನ್ನು ಹಿಡಿದು ತಂದು ಚಕ್ರವರ್ತಿ ಎಂದು ಕೂರಿಸಿದರು. ರೋಮಿನ ಚಕ್ರವರ್ತಿಯ ಪರವಾಗಿ ಹೋಗಿ ಅವರನ್ನು ಬಡಿದದ್ದು ನಮ್ಮ ಲಂಬೇಸಿಸ್ ಊರಿನ ಪಡೆ, ಮೂರನೆಯ ಆಗುಸ್ತಾ. ಬೂದಿಯನ್ನು ಸಂಗಡಿಗರು ಮಡಕೆಯಲ್ಲಿ ತಂದುಕೊಟ್ಟರು. ಅಷ್ಟರಲ್ಲಿ ಯಾರಿಗಾಗಿ ನಮ್ಮವರು ಹೊಡೆದಾಡಿದ್ದರೋ ಅವನ ತಲೆಯೇ ಉರುಳಿತು, ಆ ಮುದುಕನ ಮೊಮ್ಮಗ ಪಟ್ಟಕ್ಕೆ ಬಂದ. ಗೆದ್ದೆತ್ತಿನ ಬಾಲ ಹಿಡಿಯುವುದು ನಮ್ಮವರಿಗೆ ಗೊತ್ತಿದ್ದರೆ ತಾನೇ! ಪಡೆಯನ್ನು ಒಡೆದು ಬದುಕಿದ್ದ ಸಿಪಾಯಿಗಳನ್ನು ಎಲ್ಲೋ ಉತ್ತರದ ಚಳಿಗೆ ಅಟ್ಟಿದರು. ಊರಿನಲ್ಲಿ ಉಳಿದದ್ದು ನಾವು ಹೆಂಗಸರು ಮತ್ತು ಗೋರಿಗಳು.

ಆಮೇಲೆ ಗೋರಿಗಳ ಸರದಿ ಬಂತು. ಮೂರನೆಯ ಆಗುಸ್ತಾ ಎಂಬ ಹೆಸರು ಯಾವ ಕಲ್ಲಿನ ಮೇಲೂ ಇರಕೂಡದೆಂದು ಅಪ್ಪಣೆಯಾಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಅಧಿಕಾರದಲ್ಲಿದ್ದರು. ಕೋಟೆಯ ಬಾಗಿಲು, ದೇವರ ಕಟ್ಟೆ, ಎಲ್ಲ ಮುಗಿಸಿ ಕೊನೆಗೆ ಹೆದ್ದಾರಿಯ ಪಕ್ಕದ ಗೋರಿಗಳಿಗೆ ಬಂದರು. ಉಳಿ ಹಿಡಿದು ಬಂದವನು ಹೊನೊರಾತ, ಊರಿನ ಕಲ್ಲುಕುಟಿಗ, ನನ್ನ ಗಂಡನ ಗೆಳೆಯ, ಗಂಡನ ಗೋರಿಯ ಕಲ್ಲನ್ನು ಕೆತ್ತಿದವನೂ ಅವನೇ. ಅವನ ಹಿಂದೆ ಕಾರ್ಥೇಜಿನಿಂದ ಬಂದ ಹೊಸ ಅಧಿಕಾರಿ, ನಾಲ್ಕು ಜನ ಸಿಪಾಯಿಗಳು.

ನಮ್ಮ ಕಡೆ ಗೋರಿಯ ಕಲ್ಲನ್ನು ಬಾಯಿಬಿಟ್ಟು ಓದಬೇಕು. ದಾರಿಹೋಕ ನಿಂತು ಗಟ್ಟಿಯಾಗಿ ಓದಿದರೆ ಸತ್ತವನನ್ನು ಯಾರೋ ಮಾತಾಡಿಸಿದ ಹಾಗೆ. ಇದ್ದಿಬಾಲ್ ತನ್ನ ಕಲ್ಲಿನ ಮಾತನ್ನು ಬದುಕಿದ್ದಾಗಲೇ ಹೇಳಿಟ್ಟಿದ್ದ: ಮೂರನೆಯ ಆಗುಸ್ತಾದ ಸಿಪಾಯಿ ಇದ್ದಿಬಾಲ್ ಇಲ್ಲಿದ್ದಾನೆ, ಮಣ್ಣು ಹಗುರವಾಗಿರಲಿ. ಅವನಿಗೆ ಹೊಲವಿರಲಿಲ್ಲ, ಮಕ್ಕಳಿರಲಿಲ್ಲ. ಪಡೆಯೊಂದೇ ಇತ್ತು. ಅದನ್ನು ಕಿತ್ತರೆ ಅವನು ಯಾರೋ ಬೀದಿಯಲ್ಲಿ ಸತ್ತವನಾಗುತ್ತಾನೆ. ನನಗೆ ಮೈಯೆಲ್ಲ ಉರಿದುಹೋಯಿತು. ಕಲ್ಲಿಗೆ ಬೆನ್ನು ಕೊಟ್ಟು ನಿಂತೆ.

ಆ ಎರಡು ಮಾತು ಹೋಗಬೇಕು, ಇಲ್ಲವಾದರೆ ಇಡೀ ಕಲ್ಲು ಸುಣ್ಣದ ಗೂಡಿಗೆ ಹೋಗುತ್ತದೆ ಎಂದ ಅಧಿಕಾರಿ. ಹೊನೊರಾತ ಕಣ್ಣು ಒರೆಸಿಕೊಳ್ಳುತ್ತಾ, "ಅತ್ತಿಗೆ, ಸರಿದುಕೊಳ್ಳಿ. ಅವನ ಹೆಸರಾದ್ರೂ ಉಳೀಲಿ" ಎಂದ. ಸರಿದೆ. ಉಳಿಯ ಒಂದೊಂದು ಏಟೂ ನನ್ನ ಹಲ್ಲಿಗೆ ಬಿದ್ದಂತಿತ್ತು. ಕೆತ್ತಿದ ಜಾಗಕ್ಕೆ ಗಾರೆ ಮೆತ್ತುತ್ತೇನೆಂದು ಅವನು ಹೇಳಿದಾಗ ಮಾತ್ರ ನಾನು ಬಿಡಲಿಲ್ಲ. ಗಾಯ ಕಾಣಲಿ ಎಂದೆ.

ಫೆಬ್ರವರಿಯಲ್ಲಿ ಸತ್ತವರ ದಿನ ಬಂತು. ಊರಿನ ಹೆಂಗಸರೆಲ್ಲ ದ್ರಾಕ್ಷಾರಸದಲ್ಲಿ ನೆನೆಸಿದ ರೊಟ್ಟಿ, ಉಪ್ಪು, ಹೂವು ಹಿಡಿದು ಗೋರಿಗಳಿಗೆ ಹೊರಟೆವು. ಅಧಿಕಾರಿಯೂ ಒಬ್ಬ ಸಿಪಾಯಿಯೊಂದಿಗೆ ಬಂದು ನಿಂತಿದ್ದ, ಅವನಿಗೆ ಬೇರೆ ಕೆಲಸವಿರಲಿಲ್ಲ. ನಾನು ಸತ್ತವನಿಗೆ ಕುಡಿಯಲೆಂದು ಗೋರಿಗೆ ಇಳಿಸಿದ್ದ ಕೊಳವೆಯೊಳಗೆ ದ್ರಾಕ್ಷಾರಸ ಹುಯ್ದು, ಕಲ್ಲಿನ ಮೇಲೆ ಬೆರಳಿಟ್ಟು, ಪ್ರತಿ ಸಲದಂತೆ ಗಟ್ಟಿಯಾಗಿ ಓದಿದೆ. ಬೆರಳು ಕೆತ್ತಿ ತೆಗೆದ ಆ ಗುಂಡಿಗೆ ಬಂದಾಗ ನಿಲ್ಲಲಿಲ್ಲ. ಮೂರನೆಯ ಆಗುಸ್ತಾದ ಸಿಪಾಯಿ ಇದ್ದಿಬಾಲ್ ಎಂದೇ ಓದಿದೆ.

"ಏಯ್, ಅಲ್ಲಿ ಹಾಗೆಲ್ಲಿ ಬರೆದಿದೆ?" ಎಂದು ಅಧಿಕಾರಿ ಓಡಿ ಬಂದ.

"ನಂಗೆ ಅಕ್ಷರ ಬರಲ್ಲ ದೊರೆ" ಎಂದೆ. "ಅಲ್ಲಿ ಏನಿತ್ತು, ನೀವೇನು ಕಿತ್ರಿ, ನಂಗೇನ್ ಗೊತ್ತು? ಕಲ್ಲು ಇಟ್ಟ ದಿನ ಏನು ಓದಿ ಹೇಳಿದ್ರೋ ಅದನ್ನೇ ಹೇಳ್ತೀನಿ."

ಅದು ನಿಜವೇ. ನಮ್ಮಲ್ಲಿ ಯಾವ ಹೆಂಗಸಿಗೂ ಅಕ್ಷರ ಬರುತ್ತಿರಲಿಲ್ಲ. ಕಲ್ಲುಗಳೆಲ್ಲ ನಮಗೆ ಬಾಯಿಪಾಠ. ಅಷ್ಟು ದೊಡ್ಡ ರಾಜ್ಯ ಆಳುವವರಿಗೆ ಈ ಸಣ್ಣ ಸಂಗತಿ ಹೊಳೆದಿರಲೇ ಇಲ್ಲ.

ಬೆನ್ನ ಮೇಲೆ ಸಿಪಾಯಿಯ ಬಾರುಕೋಲು ಬಿತ್ತು. ಸುಳ್ಳೇಕೆ ಹೇಳಲಿ, ನೋವಾಯಿತು, ಕೂಗಿಕೊಂಡೆ. ಆದರೆ ಪಕ್ಕದ ಗೋರಿಯ ಮುದುಕಿ ಆಗಲೇ ತನ್ನ ಮಗನ ಕಲ್ಲು ಓದಲು ಶುರು ಮಾಡಿದ್ದಳು, ಮೂರನೆಯ ಆಗುಸ್ತಾದ ಎಂದು. ಅವಳ ಆಚೆಯವಳೂ ಹಾಗೇ. ಹೆದ್ದಾರಿಯ ಉದ್ದಕ್ಕೂ ಅದೇ ಹೆಸರು. ಸಿಪಾಯಿ ಯಾರಿಗೆಂದು ಹೊಡೆದಾನು? ಕೋಲು ಕೆಳಗಿಳಿಸಿ ಅಧಿಕಾರಿಯ ಮುಖ ನೋಡಿದ. ಅಧಿಕಾರಿ ಕುದುರೆ ಏರಿ ಹೊರಟುಹೋದ.

ಅಂದಿನಿಂದ ಪ್ರತಿ ವರ್ಷ ಹಾಗೆಯೇ ಓದಿದೆವು. ಮೊನ್ನೆ ಇನ್ಯಾರೋ ಹೊಸ ಚಕ್ರವರ್ತಿ ಬಂದ. ಗಡಿಯಲ್ಲಿ ಗಲಾಟೆ ಹೆಚ್ಚಾಗಿ ಅವನಿಗೆ ಸಿಪಾಯಿಗಳು ಬೇಕಾದರು. ಮೂರನೆಯ ಆಗುಸ್ತಾವನ್ನು ಮತ್ತೆ ಕಟ್ಟಿದ್ದೇವೆ, ಹೆಸರನ್ನು ಕಲ್ಲುಗಳ ಮೇಲೆ ಮತ್ತೆ ಕೆತ್ತಿ ಎಂದು ಡಂಗುರ ಹೊಡೆಸಿದ. ಹೊನೊರಾತನಿಗೆ ಈಗ ವಯಸ್ಸಾಗಿದೆ, ಆದರೂ ಮೊದಲು ನನ್ನ ಬಳಿಗೇ ಓಡಿಬಂದ. ಆ ಗುಂಡಿಯೊಳಗೇ ಹೊಸದಾಗಿ ಬರೆಯುತ್ತೇನೆ, ಕೂಲಿ ಸರ್ಕಾರದ್ದೇ ಎಂದು ಹಿಗ್ಗಿನಿಂದ ಹೇಳಿದ.

ಅವನ ಕೈಯಿಂದ ಉಳಿ ಕಸಿದುಕೊಂಡೆ. ಇಷ್ಟು ವರ್ಷ ಇದಕ್ಕಾಗಿಯೇ ತಾನೇ ನೀವು ಅತ್ತದ್ದು ಎಂದು ಅವನು ಕೇಳಿದ.

"ಅವ್ರು ಬರೆಸಿದ್ರೆ ನಾಳೆ ಅವ್ರೇ ಅಳಿಸ್ತಾರೆ ಮೈದುನ" ಎಂದೆ. "ನಾವು ಹೇಳ್ಕೊಂಡು ಬಂದಿದ್ದನ್ನ ಯಾರು ಅಳಿಸ್ತಾರೆ? ಗುಂಡಿ ಹಾಗೇ ಇರ್ಲಿ. ನೀನು ಬಾ ಇಲ್ಲಿ, ನನ್ನ ಜೊತೆ ಓದು."

ಹೊನೊರಾತನಿಗೆ ಅಕ್ಷರ ಬರುತ್ತಿತ್ತು. ಆದರೂ ಕಣ್ಣು ಮುಚ್ಚಿಕೊಂಡು, ಆ ಗುಂಡಿಯ ಮೇಲೆ ಕೈಯಿಟ್ಟು ಓದಿದ.