ಚೋಟುದ್ದ ಮಕ್ಕಳ ಹಲಗೆ

ಚಿಕ್ಕಪ್ಪ ನನ್ನ ಕಣ್ಣಿನ ಆಸ್ಪತ್ರೆಯ ಬಾಗಿಲು ತಳ್ಳಿಕೊಂಡು ಬಂದವರೇ, ಬೆಂಚಿನ ಮೇಲೆ ಕಾದು ಕೂತ ನಾಲ್ಕು ಜನರಿಗೂ ಕೇಳುವ ಹಾಗೆ, "ಡಾಕ್ಟರಮ್ಮ ಒಳಗಿದಾಳಾ? ಚೋಟುದ್ದ ಇದ್ದಾಗ ಇವಳ ಮೂಗು ಒರೆಸ್ತಿದ್ದೋನು ನಾನೇ," ಎಂದರು. ಮೂವತ್ತೆಂಟು ತುಂಬಿದ ನನಗೆ ಮೈಯೆಲ್ಲ ಉರಿಯಿತು. ನನ್ನ ಮದುವೆಯಲ್ಲೂ ಇದೇ ಮಾತು, ಆಸ್ಪತ್ರೆ ತೆರೆದ ದಿನವೂ ಇದೇ ಮಾತು. ಅಪ್ಪ ತೀರಿಕೊಂಡಾಗ ಹೆಣದ ಮುಂದೆ ನಿಂತೂ ಇದನ್ನೇ ಹೇಳಿದ್ದರು.

ಹೋದ ವರ್ಷ ಅವರ ಕಣ್ಣಿಗೆ ಪೊರೆ ಬರುತ್ತಿರುವುದನ್ನು ಕಂಡು, ಆಪರೇಷನ್ ಮಾಡುತ್ತೇನೆ ಎಂದಿದ್ದೆ. "ನಿನ್ನ ಕೈಗೆ ನನ್ನ ಕಣ್ಣು ಕೊಡೋಕೆ ನಂಗೇನು ತಲೆ ಕೆಟ್ಟಿದೆಯಾ?" ಎಂದು ನಕ್ಕಿದ್ದರು.

ಈಗ ಬಂದದ್ದು ನನ್ನ ಸಹಿಗಾಗಿ. ಅವರು ಶಾಲೆಯ ವ್ಯಾನ್ ಓಡಿಸುತ್ತಾರೆ. ಕಣ್ಣು ಸರಿಯಾಗಿದೆ ಎಂದು ನಾನು ಬರೆದುಕೊಟ್ಟರೆ ಲೈಸೆನ್ಸು, ಇಲ್ಲದಿದ್ದರೆ ಮನೆ.

"ಹಾಕು ಪುಟ್ಟಿ ಸಹಿ, ಹೊತ್ತಾಯ್ತು."

"ಪರೀಕ್ಷೆ ಮಾಡದೆ ಹಾಕಲ್ಲ. ಕೂತ್ಕೊಳ್ಳಿ ಚಿಕ್ಕಪ್ಪ."

"ಓಹೋ, ನಂಗೇ ಪರೀಕ್ಷೆ! ನಿಂಗೆ ಅ ಆ ಇ ಈ ತಿದ್ದಿಸಿದ್ದು ಯಾರಮ್ಮ?"

"ಅಮ್ಮ. ನೀವಲ್ಲ."

ಗೊಣಗುತ್ತ ಕೂತು, ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಎದುರಿನ ಗೋಡೆಯ ಪೆಟ್ಟಿಗೆಯಲ್ಲಿದ್ದ ಅಕ್ಷರಗಳನ್ನು ಪಟಪಟನೆ ಒದರತೊಡಗಿದರು. ಕೊನೆಯ ಸಾಲಿನ ಸಾಸಿವೆ ಗಾತ್ರದ ಅಕ್ಷರಗಳನ್ನೂ ಬಿಡಲಿಲ್ಲ. ಕೋಣೆ ಕತ್ತಲಾಗಿತ್ತು. ಅಕ್ಷರಗಳ ಪೆಟ್ಟಿಗೆಯ ದೀಪವನ್ನು ನಾನಿನ್ನೂ ಹಾಕಿರಲೇ ಇಲ್ಲ.

ತಿಂಗಳಿಗೊಮ್ಮೆ ಬಂದು, ಇದೇ ಕೋಣೆಯಲ್ಲಿ ಕೂತು ಹರಟೆ ಹೊಡೆಯುತ್ತಿದ್ದದ್ದು ಯಾಕೆಂದು ಆಗ ತಿಳಿಯಿತು. ರೋಗಿಗಳು ಓದುವುದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿದ್ದರು.

ಕೋಣೆಯ ಬಾಗಿಲನ್ನು ಬೇಕೆಂದೇ ಪೂರ್ತಿ ತೆರೆದಿಟ್ಟೆ. ದೀಪ ಹಾಕಿ, ಅಕ್ಷರಗಳ ಹಲಗೆ ತೆಗೆದು, ಓದು ಬಾರದ ಮಕ್ಕಳಿಗೆಂದು ಇರುವ ಹಲಗೆಯನ್ನು ಸಿಕ್ಕಿಸಿದೆ. ಅದರಲ್ಲಿ ಅಕ್ಷರವಿಲ್ಲ, ಬರೀ ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳು. ಹಲ್ಲು ಯಾವ ಕಡೆಗಿದೆಯೋ ಆ ಕಡೆ ಕೈ ತೋರಿಸಬೇಕು.

"ಏಯ್, ಇದು ಮಕ್ಕಳದ್ದು!"

"ಹೌದು, ಚೋಟುದ್ದ ಇರೋರದ್ದು. ಮೂರು ವರ್ಷದವೂ ತೋರಿಸ್ತಾವೆ. ತೋರ್ಸಿ."

ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಸುಳ್ಳೇಕೆ, ನನಗೆ ಹೊಟ್ಟೆ ತಣ್ಣಗಾಯಿತು.

ಮೊದಲ ಸಾಲಿನ ದೊಡ್ಡ ಗುರುತಿಗೆ ಸರಿಯಾಗಿ ಕೈ ತೋರಿಸಿದರು. ಎರಡನೆಯ ಸಾಲಿಗೆ ಕೈ ಮೇಲಕ್ಕೆ ಹೋಯಿತು, ಹಲ್ಲು ಇದ್ದದ್ದು ಎಡಕ್ಕೆ. ಮೂರನೆಯ ಸಾಲಿಗೆ ಕೈ ಗಾಳಿಯಲ್ಲಿ ಅತ್ತ ಇತ್ತ ಆಡಿ ತೊಡೆಯ ಮೇಲೆ ಬಿತ್ತು. ಇನ್ನೊಂದು ಕಣ್ಣಿನ ಕಥೆಯೂ ಅಷ್ಟೇ. ನನ್ನ ಖುಷಿ ಇಳಿದುಹೋಯಿತು.

"ಇಷ್ಟು ದಿನ ಹೇಗೆ ಓಡಿಸಿದ್ರಿ?"

"ವ್ಯಾನಿಗೆ ಒಂದು ಗೀರು ಬಿದ್ದಿದೆಯಾ ಕೇಳು!" ಎದೆ ಸೆಟೆಸಿದರು. "ಇಬ್ರು ಚುರುಕು ಮಕ್ಕಳನ್ನ ಮುಂದೆ ಕೂರಿಸ್ಕೋತೀನಿ. ಕೆಂಪು ಬಂತು, ಹಸಿರು ಬಂತು, ಅಜ್ಜಿ ಅಡ್ಡ ಬಂದ್ಲು ಅಂತ ಅವೇ ಕೂಗ್ತಾವೆ. ಆಟ ಅಂದ್ಕೊಂಡಿದಾವೆ. ಒಂದಿನಾನೂ ತಪ್ಪು ಹೇಳಿಲ್ಲ."

ಬೆಂಚಿನಲ್ಲಿ ಈಗ ಯಾರೂ ನಗಲಿಲ್ಲ. ವಾಹನ ಓಡಿಸಲು ಅನರ್ಹ ಎಂದು ಬರೆದು ಮೊಹರು ಒತ್ತಿದೆ.

"ನನ್ನ ಅನ್ನಕ್ಕೆ ಮಣ್ಣು ಹಾಕ್ದೆ. ಇವತ್ತಿಗೆ ನಿನ್ನ ಪಾಲಿಗೆ ಈ ಚಿಕ್ಕಪ್ಪ ಸತ್ತ," ಎಂದು ಎದ್ದರು.

"ಸಾಯಿರಿ. ಈಗ ಇಲ್ಲಿಗೆ ಹೇಗೆ ಬಂದ್ರಿ?"

ಅವರು ವ್ಯಾನಿನ ಕೀಲಿಯಿದ್ದ ಜೇಬನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಕಿಟಕಿಗೆ ಓಡಿದೆ. ಗೇಟಿನ ಮುಂದೆ ವ್ಯಾನ್ ನಿಂತಿತ್ತು, ತುಂಬ ಮಕ್ಕಳು. ಮುಂದಿನ ಸೀಟಿನಲ್ಲಿ ಎರಡು ಪುಟ್ಟ ತಲೆಗಳು ಕತ್ತು ನೀಡಿ, ಖಾಲಿ ರಸ್ತೆಯನ್ನು ರೆಪ್ಪೆ ಮಿಟುಕಿಸದೆ ನೋಡುತ್ತ, ಅವರ ಬರವಿಗಾಗಿ ಕಾಯುತ್ತಿದ್ದವು.