ಅಮ್ಮನಿಗೆ ದಿನಾ ಭಾನುವಾರ

ಗಂಟೆಯಲ್ಲ, ಸೈಕಲ್ಲು, ಬೀದಿಯಲ್ಲಿ ಯಾರೋ ಬೆಲ್ ಬಾರಿಸಿಕೊಂಡು ಹೋದರು ಅಷ್ಟೆ, ಆದರೆ ಅಮ್ಮನ ಕಿವಿಗೆ ಬೀಳುವ ಗಂಟೆಯೆಲ್ಲ ಚರ್ಚಿನದೇ, ಅಗೋ, ಕುರ್ಚಿಯಲ್ಲಿ ನೆಟ್ಟಗೆ ಕೂತಳು, ಮಡಿಲಲ್ಲಿದ್ದ ಕೈಚೀಲದ ಬಾಯಿ ತೆರೆದು ಕರವಸ್ತ್ರ ಇದೆಯೇ ನೋಡಿದಳು, ಮುಚ್ಚಿದಳು, ಇನ್ನು ಕೇಳುತ್ತಾಳೆ — ಮೊದಲನೇ ಗಂಟೆನಾ, ಎರಡನೇದಾ — ಕೇಳಿಯೇ ಬಿಟ್ಟಳು, ಹೊಲಿಗೆಯವಳು, ಅಂದರೆ ಮಗಳು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದರಿಂದ ಉತ್ತರ ಹೇಳದೆ ತಪ್ಪಿಸಿಕೊಂಡಳು, ಗುಂಡುಸೂಜಿಯಿಂದ ಇದೊಂದು ಉಪಕಾರ. ಇವತ್ತು ಬುಧವಾರ, ಮಧ್ಯಾಹ್ನ, ಮೇಜಿನ ತುಂಬ ಬಿಳಿ ಸ್ಯಾಟಿನ್ ಹರಡಿದೆ, ಮದುಮಗಳ ಗೌನು, ಸಂಜೆ ಹುಡುಗಿ ತೊಟ್ಟು ನೋಡುವುದಕ್ಕೆ ಬರುತ್ತಾಳೆ, ಕೆಳಗಿನ ಅಂಚು ಪೂರ್ತಿ ಬಾಕಿ, ತೋಳಿನ ಲೇಸು ಬಾಕಿ, ಅದಕ್ಕೂ ಮೊದಲು ಅಣ್ಣನ ಫೋನು ಬರುತ್ತದೆ, ಅವನಿಗೆ ಹೂಂ ಅನ್ನುವುದೋ ಊಹೂಂ ಅನ್ನುವುದೋ ಅದೂ ಬಾಕಿ. ಚರ್ಚಿನವರು ನಡೆಸುವ ವೃದ್ಧರ ಮನೆಯಲ್ಲಿ ಒಂದು ಹಾಸಿಗೆ ಖಾಲಿಯಾಗಿದೆಯಂತೆ, ಅಲ್ಲಿ ಹಾಸಿಗೆ ಖಾಲಿಯಾಗುವುದು ಹೇಗೆ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ, ಅಮ್ಮನಿಗೆ ಅಲ್ಲಿ ಏನೂ ಕಮ್ಮಿ ಆಗಲ್ಲ ಪುಟ್ಟಿ, ನಿನಗೂ ಸ್ವಲ್ಪ ವಿಶ್ರಾಂತಿ ಬೇಡ್ವಾ, ಇವತ್ತು ಹೇಳಿಬಿಡು ಅಂತ ಅಣ್ಣ, ಐವತ್ತು ದಾಟಿದವಳನ್ನು ಪುಟ್ಟಿ ಅನ್ನುವವರು ಇನ್ನು ಇಬ್ಬರೇ, ಅದರಲ್ಲಿ ಒಬ್ಬರಿಗೆ ಪುಟ್ಟಿ ಯಾರು ಅನ್ನುವುದು ಕೆಲವು ದಿನ ನೆನಪಿರುತ್ತದೆ, ಕೆಲವು ದಿನ ಇಲ್ಲ.

ಅಮ್ಮನ ತಲೆಯಿಂದ ವಾರಗಳು ಒಂದೊಂದಾಗಿ ಹೋದವು, ಮೊದಲು ಯಾವುದು ಹೋಯಿತೋ, ಕೊನೆಗೆ ಉಳಿದದ್ದು ಭಾನುವಾರ ಒಂದು. ಬೆಳಿಗ್ಗೆ ಎದ್ದರೆ ಬೂದು ಬಣ್ಣದ ಒಳ್ಳೆಯ ಬಟ್ಟೆಯೇ ಬೇಕು, ಕೈಚೀಲ ಬೇಕು, ಬಾಗಿಲ ಪಕ್ಕದ ಕುರ್ಚಿಯೇ ಬೇಕು. ಮೊದಮೊದಲು ಇವಳು ಸತ್ಯ ಹೇಳುತ್ತಿದ್ದಳು, ಅಮ್ಮ ಇವತ್ತು ಮಂಗಳವಾರ, ಅಂದಕೂಡಲೇ ಮುಖ ಬಾಡುತ್ತಿತ್ತು, ಹಾಗಾದ್ರೆ ಮೊನ್ನೆ ನನ್ನ ಯಾಕೆ ಕರ್ಕೊಂಡು ಹೋಗ್ಲಿಲ್ಲ, ಆರಾಧನೆ ತಪ್ಪಿಸಿದ್ಯಲ್ಲೇ, ಎಂದು ಬಿಕ್ಕಿ ಬಿಕ್ಕಿ ಅಳು, ಸತ್ಯದಿಂದ ಇಷ್ಟು ಅಳಿಸುವುದಾದರೆ ಸುಳ್ಳೇ ವಾಸಿ ಎಂದು ಹೌದಮ್ಮ ಭಾನುವಾರ ಅಂದರೆ ಇನ್ನೊಂದು ಪೇಚು, ಭಾನುವಾರ ಕತ್ತರಿ ಹಿಡೀತೀಯಾ, ಯಾರು ಕಲಿಸಿದ್ದು ನಿನಗೆ ಇದನ್ನ, ಅತ್ತ ದರಿ ಇತ್ತ ಪುಲಿ. ಹೊಲಿಯದಿದ್ದರೆ ಹೊಟ್ಟೆಪಾಡು ನಡೆಯುವುದು ಹೇಗೆ. ಆಮೇಲೆ ಒಂದು ದಾರಿ ಹುಡುಕಿಕೊಂಡಳು, ವಾರ ಯಾವುದು ಅಂತ ಕೇಳಿದರೆ ಮಾತು ಬದಲಾಯಿಸುವುದು, ಅಳತೆ, ಕತ್ತರಿಸುವುದು, ಗುಂಡುಸೂಜಿ ಚುಚ್ಚುವುದು ಇವೆಲ್ಲ ಅಮ್ಮನ ಕಣ್ಣೆದುರು, ಅದು ಅವಳಿಗೆ ಬಟ್ಟೆ ಮಡಿಸಿದಂತೆ ಕಾಣುತ್ತದೆ, ಮಷೀನು ಮಾತ್ರ ಒಳಕೋಣೆಯಲ್ಲಿ, ಅಮ್ಮ ಕುರ್ಚಿಯಲ್ಲೇ ತೂಕಡಿಸಿದಾಗ ಹೋಗಿ ತುಳಿಯುವುದು, ಹಾವೂ ಸಾಯಬಾರದು ಕೋಲೂ ಮುರಿಯಬಾರದು, ಇಬ್ಬರಲ್ಲಿ ಒಬ್ಬರಿಗೆ ವರ್ಷವಿಡೀ ಭಾನುವಾರ, ಇನ್ನೊಬ್ಬರಿಗೆ ವರ್ಷವಿಡೀ ಸೋಮವಾರ, ಕೂಡಿಸಿ ಭಾಗಿಸಿದರೆ ಮನೆಯ ಲೆಕ್ಕ ಸರಿಯಾಗಿಯೇ ಇದೆ.

ಚರ್ಚಿಗೆ ಇವಳು ಕೊನೆಯ ಸಲ ಹೋದದ್ದು ಯಾರದೋ ಮದುವೆಗೆ, ಅದೂ ಗೌನಿನ ಬೆನ್ನಿನ ಗುಂಡಿ ಹಾಕಿಕೊಡುವುದಕ್ಕೆ. ಅದಕ್ಕೂ ಹಿಂದೆ ಅಮ್ಮನನ್ನೂ ಕರೆದುಕೊಂಡು ಹೋಗುತ್ತಿದ್ದಳು, ಅಮ್ಮ ಒಂದು ದಿನ ಪ್ರಸಂಗದ ನಡುವೆ ಎದ್ದು ನಿಂತಳು, ಪಾಸ್ಟರು ಮಾತು ನಿಲ್ಲಿಸಿದರು, ಅಮ್ಮ ಬಹಳ ಮೆದುವಾಗಿ, ಸಾಕು, ಕೂತ್ಕೋಪ್ಪ, ನೀನೂ ಸುಸ್ತಾಗಿದ್ದೀಯ, ಅಂದಳು. ಹಿಂದಿನ ಬೆಂಚುಗಳಲ್ಲಿ ನಗು, ಮುಂದಿನ ಬೆಂಚಿನಲ್ಲಿ ಸಭಾ ಹಿರಿಯನಾದ ಅಣ್ಣನ ಕಿವಿ ಕೆಂಪು, ಪಾಸ್ಟರು ಮಾತ್ರ ನಗಲಿಲ್ಲ, ಒಂದು ಗಳಿಗೆ ನಿಜವಾಗಿಯೂ ಕೂತುಬಿಡುತ್ತಾರೇನೋ ಅನ್ನಿಸಿತ್ತು, ಅವರ ಹೆಂಡತಿ ಬ್ಲೌಸಿನ ಅಳತೆ ಕೊಡುವಾಗ ಹೇಳಿದ್ದಳಲ್ಲ, ನಮ್ಮೋರಿಗೆ ಭಾನುವಾರ ಅಂದ್ರೆ ಶನಿವಾರದಿಂದಲೇ ಹೊಟ್ಟೆನೋವು, ಸೋಮವಾರ ಮಧ್ಯಾಹ್ನದ ತನಕ ಏಳಲ್ಲ ಅಂತ. ಅವತ್ತಿನ ಪ್ರಸಂಗವೂ ಸಬ್ಬತ್ತಿನ, ಅಂದರೆ ವಿಶ್ರಾಂತಿ ದಿನದ, ಮೇಲೆಯೇ ಇತ್ತು, ಹಳೆಯ ಕಟ್ಟಳೆಯ ಸಬ್ಬತ್ತು ಬರೀ ನೆರಳು, ನಮಗೆ ವಿಶ್ರಾಂತಿ ಅಂದರೆ ಒಂದು ದಿನ ಅಲ್ಲ, ಕ್ರಿಸ್ತನೇ ನಮ್ಮ ವಿಶ್ರಾಂತಿ, ಆತನಲ್ಲಿ ಇರುವವರಿಗೆ ದಿನಾ ಸಬ್ಬತ್ತು, ಅದನ್ನು ಕೇಳಿ ಇವಳಿಗೆ ಅನ್ನಿಸಿದ್ದು, ಹಾಗಾದರೆ ಈ ಸಭೆಯಲ್ಲಿ ನಿಜವಾದ ಕ್ರೈಸ್ತಳು ನಮ್ಮಮ್ಮ ಒಬ್ಬಳೇ. ಗುಂಡಿ ಅಂಗಡಿಯವಳು ಇದನ್ನು ಒಪ್ಪುವುದಿಲ್ಲ, ಅವಳದು ಶನಿವಾರ ಆರಾಧಿಸುವ ಸಭೆ, ಶುಕ್ರವಾರ ಹೊತ್ತು ಇಳಿಯುವಾಗ ಬಾಗಿಲು ಎಳೆದುಬಿಡುತ್ತಾಳೆ, ನೀನು ಎಷ್ಟೇ ಅಂಗಲಾಚು ಒಂದು ಹುಕ್ಕು ಕೊಡುವುದಿಲ್ಲ, ದೇವರು ಏಳನೇ ದಿನ ಅಂದಿದ್ದು, ಅದನ್ನ ಭಾನುವಾರಕ್ಕೆ ತಳ್ಳೋಕೆ ನಿಮ್ಮೋರಿಗೆ ಅಧಿಕಾರ ಕೊಟ್ಟಿದ್ದು ಯಾರು, ಎಂದು ಕೇಳುತ್ತಾಳೆ, ಯೇಸು ಎದ್ದದ್ದು ಭಾನುವಾರ ಅಲ್ವಾ ಅಂದರೆ, ಎದ್ದದ್ದು ಭಾನುವಾರ, ಆದ್ರೆ ಶನಿವಾರ ಇಡೀ ದಿನ ಸಮಾಧಿಯಲ್ಲಿ ಸುಮ್ನೆ ಮಲಗಿದ್ದ ನೋಡು, ಸತ್ತ ಮೇಲೂ ಸಬ್ಬತ್ ಮುರೀಲಿಲ್ಲ, ಅನ್ನುತ್ತಾಳೆ. ವಾದಕ್ಕೆ ನಿಂತರೆ ಅವಳನ್ನು ಗೆಲ್ಲುವವರಿಲ್ಲ. ಇವಳಿಗೆ ಎರಡೂ ಒಂದೇ, ಶನಿವಾರವಾದರೂ ಕೊಡಿ, ಭಾನುವಾರವಾದರೂ ಕೊಡಿ, ಜಗಳ ಆಡುವಷ್ಟು ದಿನಗಳು ನಿಮ್ಮ ಹತ್ತಿರ ಇವೆಯಲ್ಲ, ಅದೇ ದೊಡ್ಡದು.

ಸ್ಯಾಟಿನ್ ಜಾರುತ್ತದೆ, ಹಿಡಿದಷ್ಟೂ ಜಾರುತ್ತದೆ, ಅಮ್ಮ ಹೇಳುತ್ತಿದ್ದಳು ಒದ್ದೆ ಕೈಯಲ್ಲಿ ಮುಟ್ಟಬೇಡ ಕಲೆ ಉಳಿಯುತ್ತೆ ಅಂತ, ಕಲಿಸಿದ್ದೆಲ್ಲ ಅಮ್ಮನೇ, ಮಷೀನೂ ಅಮ್ಮನದೇ. ಅಪ್ಪನದು ಬಟ್ಟೆ ಅಂಗಡಿ, ಗಿರಾಕಿಗೆ ಆಯಿತು ನಾಳೆ ಕೊಡ್ತೀವಿ ಅನ್ನುವುದು ಅಪ್ಪನ ಬಾಯಿ, ಆ ನಾಳೆಯನ್ನು ತುಳಿಯುವುದು ಅಮ್ಮನ ಕಾಲು, ಕೈ ಕೆಸರಾದ್ರೆ ಬಾಯಿ ಮೊಸರು ಎಂದು ಅಪ್ಪ ಆಗಾಗ ಹೇಳುತ್ತಿದ್ದ, ಕೈ ಯಾರದು ಬಾಯಿ ಯಾರದು ಅಂತ ಹೇಳುತ್ತಿರಲಿಲ್ಲ. ಶನಿವಾರ ದೀಪ ಹಚ್ಚುವ ಹೊತ್ತಿಗೆ ಅಮ್ಮ ಮಷೀನಿನ ಮೇಲೆ ಹಳೆಯ ಹೊದಿಕೆ ಹಾಕುತ್ತಿದ್ದಳು, ಅಷ್ಟೇ, ಇನ್ನು ಸೋಮವಾರ ಬೆಳಕಾಗುವ ತನಕ ಊರೇ ಬಂದು ನಿಂತರೂ ತೆಗೆಯುವವಳಲ್ಲ. ಮಕ್ಕಳೂ ಕತ್ತರಿ ಮುಟ್ಟುವಂತಿಲ್ಲ, ಗೊಂಬೆಗೆ ಒಂದು ಲಂಗ ಹೊಲಿಯುವಂತಿಲ್ಲ, ಓಡುವಂತಿಲ್ಲ, ಕೂಗುವಂತಿಲ್ಲ, ಭಾನುವಾರ ಅಂದರೆ ಮನೆಗೆ ಬೀಗ ಹಾಕಿ ಒಳಗೆ ಕೂಡಿಸಿದ ಹಾಗೆ, ಇವಳು ಮನಸ್ಸಿನಲ್ಲೇ ಅಮ್ಮನನ್ನು ಬೈದುಕೊಂಡಿದ್ದಕ್ಕೆ ಲೆಕ್ಕವಿಲ್ಲ, ದೇವರಿಗಿಂತ ಅಮ್ಮನ ಕಟ್ಟಳೆಯೇ ಜಾಸ್ತಿ ಅಂತ. ನಾಲ್ಕನೆಯ ಆಜ್ಞೆಯನ್ನು ಬಾಯಿಪಾಠ ಮಾಡಿಸಿದ್ದರಲ್ಲ, ನೀನು ಕೆಲಸ ಮಾಡಬಾರದು, ಮಗ ಮಾಡಬಾರದು, ಮಗಳು ಮಾಡಬಾರದು, ಆಳು, ಕೆಲಸದವಳು, ದನಕರು, ಮನೆಗೆ ಬಂದ ಪರದೇಶಿ, ಎಲ್ಲರಿಗೂ ರಜ, ಹೆಂಡತಿಯ ಮಾತೇ ಇಲ್ಲ, ಭಾನುವಾರದ ಶಾಲೆಯ ಟೀಚರನ್ನು ಇವಳು ಕೇಳಿದ್ದಳು, ಟೀಚರ್ ಅಮ್ಮಂದಿರು ಯಾಕಿಲ್ಲ ಅಂತ, ಅಮ್ಮಂದಿರೂ ಕೂತುಬಿಟ್ರೆ ಊಟಕ್ಕೆ ಏನು ಮಾಡ್ತೀಯ, ಎಂದು ಟೀಚರು ನಕ್ಕುಬಿಟ್ಟಿದ್ದರು, ಅದು ಉತ್ತರವೇ ಇರಬೇಕು ಅಂದುಕೊಂಡು ಇವಳೂ ಸುಮ್ಮನಾಗಿದ್ದಳು.

ಅಮ್ಮನ ತಲೆ ವಾಲಿತು, ಕೈಚೀಲ ಸಡಿಲವಾಯಿತು, ಮಲಗಿದಳು, ಬೇಗ, ಗೌನನ್ನು ಮಗುವಿನಂತೆ ಎತ್ತಿಕೊಂಡು ಒಳಕೋಣೆಗೆ, ಬಾಗಿಲು ಮುಂದೆ ಮಾಡಿ, ದಾರ ಪೋಣಿಸಿ, ಅಂಚನ್ನು ಸೂಜಿಯ ಕೆಳಗೆ ಇಟ್ಟು ಪೆಡಲು ತುಳಿದಳು, ಕಿಟಕಿಯಿಂದ ಬೆಳಕು ಸರಿಯಾಗಿ ಸೂಜಿಯ ಮೇಲೆ ಬೀಳುತ್ತಿದೆ, ಬಟ್ಟೆ ತನ್ನ ಪಾಡಿಗೆ ಸಾಗುತ್ತಿದೆ, ಹೂಂ ಅಂದುಬಿಟ್ಟರೆ ಏನಾಯಿತು, ಅಲ್ಲಿಯವರು ಒಳ್ಳೆಯವರೇ, ಅಮ್ಮನಿಗೆ ಅಲ್ಲಿ ದಿನಾ ಭಾನುವಾರವಾದರೆ ಯಾರ ಕೆಲಸವೂ ಕೆಡುವುದಿಲ್ಲ, ಇವಳು ಬೆಳಿಗ್ಗೆ ತಡವಾಗಿ ಏಳಬಹುದು, ನಿಜವಾದ ಭಾನುವಾರ ಎದ್ದು ಚರ್ಚಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಏನೂ ಕೇಳಿಸಿಕೊಳ್ಳದೆ ಇರಬಹುದು, ಬೇಕು, ಅದು ಬೇಕು, ಬಾಯಾರಿದವಳಿಗೆ ನೀರು ಬೇಕಾದ ಹಾಗೆ ಬೇಕು, ಅದನ್ನು ಬೇಕು ಅಂದುಕೊಂಡರೆ ಅಮ್ಮನನ್ನು ಮನೆಯಿಂದ ಕಳಿಸಿದ ಹಾಗಾಗುತ್ತದಲ್ಲ, ಅದಕ್ಕೇ ಇಷ್ಟು ದಿನ ಅಂದುಕೊಂಡೇ ಇರಲಿಲ್ಲ — ಚಕ್ರ ನಿಂತಿತು. ದಾರ ಪಟ್ಟನೆ ಹರಿಯಿತು. ಕಾಲು ತುಳಿಯುತ್ತಿದೆ, ಚಕ್ರ ತಿರುಗುವುದಿಲ್ಲ, ನೋಡಿದರೆ ಚಕ್ರದ ಮೇಲೆ ಒಂದು ಕೈ, ತೋರುಬೆರಳು ತುದಿಯಲ್ಲಿ ಸ್ವಲ್ಪ ಸೊಟ್ಟ, ಅಮ್ಮ, ಬರಿಗಾಲಲ್ಲಿ, ಸದ್ದಿಲ್ಲದೆ ಬಂದು ಪಕ್ಕದಲ್ಲೇ ನಿಂತಿದ್ದಾಳೆ.

ಇವತ್ತು ನೀವು ಕೆಲಸ ಮಾಡ್ಬಾರ್ದು, ಅಂದಳು ಅಮ್ಮ. ನೀವು. ಬೈಗುಳಕ್ಕೆ ಸಿದ್ಧಳಾಗಿದ್ದವಳಿಗೆ ಈ ಮರ್ಯಾದೆ ಕೆನ್ನೆಗೆ ಬಿದ್ದಂತಾಯಿತು, ಅಮ್ಮನ ಮುಖದಲ್ಲಿ ಸಿಟ್ಟಿಲ್ಲ, ಅಳುವೂ ಇಲ್ಲ, ಹೊಸಬರನ್ನು ನೋಡುವಾಗಿನ ನಗು, ಯಾರು ನಿಮ್ಮನ್ನ ಕೂರಿಸಿದ್ದು, ಯಜಮಾನ್ರಾ, ಅಂತ ಕೇಳುತ್ತಾಳೆ, ಅಪ್ಪನನ್ನು ಅಮ್ಮ ಹಾಗೇ ಕರೆಯುತ್ತಿದ್ದದ್ದು, ನಾನಮ್ಮ, ಪುಟ್ಟಿ, ಅಂದರೆ, ಶ್, ಮೆಲ್ಲಗೆ, ಪುಟ್ಟಿ ಮಲಗಿದ್ದಾಳೆ, ಮಷೀನ್ ಸದ್ದಿಗೆ ಎದ್ದುಬಿಡ್ತಾಳೆ, ಎನ್ನುತ್ತಾ ಬಾಗಿಲ ಕಡೆ ನೋಡುತ್ತಾಳೆ, ಆ ಕಡೆ ಯಾರೂ ಇಲ್ಲ, ಖಾಲಿ ಕುರ್ಚಿ, ನೆಲದ ಮೇಲೆ ಬಿದ್ದ ಕೈಚೀಲ. ಕೆಲಸದವಳು ಅಂದುಕೊಂಡಿದ್ದಾಳೆ. ಹೌದು, ಕೆಲಸದವಳಿಗೆ ರಜ ಇದೆಯಲ್ಲ, ಆಜ್ಞೆಯಲ್ಲೇ ಇದೆ, ಮಗಳಾಗಿ ಸಿಗದದ್ದು ಹೀಗಾದರೂ ಸಿಕ್ಕಿತು ಎಂದು ನಗು ಬರುತ್ತದೆ, ಬರುವುದಿಲ್ಲ, ಅಳು ಬಂದಿದೆ, ಅದನ್ನು ಒಪ್ಪಿಕೊಳ್ಳುವುದೇ ಸರಿ. ಅಮ್ಮ ಇನ್ನೂ ಹತ್ತಿರ ಬಗ್ಗಿದಳು, ಕೈ ಚಕ್ರದ ಮೇಲೆಯೇ ಇದೆ, ಯಜಮಾನ್ರು ಕೇಳಿದ್ರೆ ಕೈ ನೋವು ಅನ್ಬೇಡಿ, ಬೆನ್ನು ನೋವು ಅನ್ಬೇಡಿ, ಅದೆಲ್ಲ ನಾನು ಹೇಳಿ ನೋಡಿದ್ದೀನಿ, ಕಿವಿ ಮೇಲೇ ಹಾಕ್ಕೊಳ್ಳಲ್ಲ, ಇವತ್ತು ಕರ್ತನ ದಿನ ಅನ್ನಿ, ದೇವರ ಹೆಸರು ಹೇಳಿದ್ರೆ ಸುಮ್ಮನಾಗ್ತಾರೆ, ನಂಗೆ ಗೊತ್ತಿರೋದು ಇದೊಂದೇ, ಅಂದಳು. ಅಷ್ಟು ವರ್ಷದ ಭಾನುವಾರಗಳು, ಬೀಗ ಹಾಕಿದ ಮನೆ, ಮುಟ್ಟಬಾರದ ಕತ್ತರಿ, ಹೊದಿಕೆ ಹಾಕಿದ ಮಷೀನಿನ ಪಕ್ಕ ಕಾಲು ಚಾಚಿ ಕೂತ ಅಮ್ಮ, ಕಾಲು ಚಾಚಿ ಕೂತಿರುತ್ತಿದ್ದಳು, ಹೌದು, ಬೇರೆ ಯಾವ ದಿನವೂ ಹಾಗೆ ಕೂತದ್ದನ್ನು ಇವಳು ಕಂಡಿರಲಿಲ್ಲ.

ಫೋನು ಹೊಡೆದುಕೊಂಡಿತು, ಮಷೀನಿನ ಪಕ್ಕದಲ್ಲೇ ಇಟ್ಟಿದ್ದಾಳೆ, ಎತ್ತಿದರೆ ಅಣ್ಣನೇ, ಏನ್ ಯೋಚನೆ ಮಾಡಿದೆ ಪುಟ್ಟಿ, ಅವರಿಗೆ ಈಗಲೇ ಹೇಳ್ಬೇಕಂತೆ, ಅವನ ದನಿಯಲ್ಲಿ ಅವಸರವಿದೆ, ಕೆಟ್ಟತನವಿಲ್ಲ, ಅವನು ಕೆಟ್ಟವನಲ್ಲ, ಅವನನ್ನು ಈವರೆಗೆ ಯಾರೂ ಏನೂ ಕೇಳಿಲ್ಲ ಅಷ್ಟೆ, ಇವಳೂ ಕೇಳಿಲ್ಲ. ಭಾನುವಾರ ನೀನು ಬಾ ಅಣ್ಣ, ಅಂದಳು, ಬೆಳಿಗ್ಗೆ ಬಂದು ಸಂಜೆ ತನಕ ಅಮ್ಮನ ಜೊತೆ ಇರು. ಈ ಭಾನುವಾರವಾ, ಒಂದ್ಸಲ ಆದ್ರೆ ನೋಡೋಣ. ಪ್ರತಿ ಭಾನುವಾರ. ಅದು ಹೇಗಾಗುತ್ತೆ ಕಣೇ, ಸಭಾ ಹಿರಿಯ ನಾನು, ನಾನೇ ಹೋಗ್ದಿದ್ರೆ ಹೇಗೆ, ಕರ್ತನ ದಿನ ಅದು. ಗೊತ್ತು, ಅದಕ್ಕೇ ಆ ದಿನ ಕೇಳ್ತಿರೋದು. ಹಾಗಾದ್ರೆ ಆ ಹಾಸಿಗೆ ವಿಷಯ ಅವರಿಗೆ ಏನ್ ಹೇಳ್ಲಿ, ಅಂದ ಅಣ್ಣ. ನೀನು ಬರ್ತೀನಿ ಅಂದ್ರೆ ಬೇಡ ಅನ್ನು, ಬರಲ್ಲ ಅಂದ್ರೆ ಹೂಂ ಅನ್ನು, ನಾನು ಒಬ್ಬಳೇ ಹೇಳೋದಿಲ್ಲ ಅಣ್ಣ, ಈ ಸಲ ನೀನೇ ಹೇಳು. ಅವನ ಉಸಿರು ಕೇಳಿಸುತ್ತಿದೆ, ಅವನ ಹಿಂದೆ ಎಲ್ಲೋ ಒಂದು ಬಾಗಿಲು ಹಾಕಿದ ಸದ್ದು, ಯಾರದು, ಯಜಮಾನ್ರಾ, ಎಂದು ಅಮ್ಮ ಪಿಸುಗುಟ್ಟುತ್ತಾಳೆ, ಹೇಳಿದ್ರಾ, ಹೇಳ್ದೆ ಅಮ್ಮ, ಏನಂದ್ರು, ಇನ್ನೂ ಏನೂ ಅಂದಿಲ್ಲಮ್ಮ. ಅಂಚು ಅರ್ಧಕ್ಕೆ ನಿಂತಿದೆ, ಹುಡುಗಿ ಬರುತ್ತಾಳೆ, ಬರಲಿ, ಕಾಲು ಇನ್ನೂ ಪೆಡಲಿನ ಮೇಲಿದೆ, ತೆಗೆಯಬೇಕು, ತೆಗೆದಳು, ಅಣ್ಣ ಫೋನನ್ನು ಇಟ್ಟಿಲ್ಲ, ಹುಡುಗಿ, ಲೇಸು, ಹಾಸಿಗೆ, ಭಾನುವಾರ, ಚಕ್ರದ ಮೇಲೆ ಕೈ, ಸೊಟ್ಟ ಬೆರಳು, ಉಬ್ಬಿದ ನರ, ಒತ್ತಿ ಹಿಡಿದ ಕೈ, ಚಕ್ರದ ಮೇಲೆ ಅಮ್ಮನ ಕೈ.